ಅಗಲಿದವರ ನೆನಪು ಮತ್ತು ಅರ್ಧಕ್ಕೆ ನಿಂತ ನೋಂಪಿ

ಪ್ರಿಯರಾದವರು ದೇಹವನ್ನು ಬಿಟ್ಟು ಹೋದಾಗ ಉಳಿದವರ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಅವರನ್ನು ನೆನೆಯುವುದು ಮೋಹವೋ ಧರ್ಮವೋ ಎಂಬುದು ಮೊದಲನೆಯದು. ಅವರಿಗಾಗಿ ನಾವು ಇನ್ನು ಏನನ್ನಾದರೂ ಮಾಡಬಲ್ಲೆವೇ ಎಂಬುದು ಎರಡನೆಯದು. ಈ ಪ್ರಶ್ನೆಗಳಿಗೆ ಲೋಕರೂಢಿಯು ಒಂದು ಬಗೆಯ ಉತ್ತರವನ್ನು ಕೊಡುತ್ತದೆ. ಸಿದ್ಧಾಂತವು ಬೇರೊಂದು ಬಗೆಯ ಉತ್ತರವನ್ನು ಕೊಡುತ್ತದೆ. ಶ್ರಾವಕನ ಮನಸ್ಸು ಎರಡರ ನಡುವೆ ಸಿಕ್ಕಿ ತೊಳಲುವುದುಂಟು. ಆದುದರಿಂದ ಒಂದು ಮನೆಯ ಸಂಗತಿಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಉಚಿತ. ಊರು, ಹೆಸರುಗಳು ಬೇಡ. ಇಂತಹ ಮನೆ ಎಲ್ಲ ಊರುಗಳಲ್ಲಿಯೂ ಇದೆ.

ಆ ಮನೆಯ ತಾಯಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕಾಲವಾದರು. ಅವರು ಅನಂತನೋಂಪಿಯನ್ನು ಹಿಡಿದು ಒಂಬತ್ತು ವರ್ಷಗಳಾಗಿದ್ದವು. ವೃಷಭನಾಥರಿಂದ ಮೊದಲ್ಗೊಂಡು ಅನಂತನಾಥರವರೆಗಿನ ಹದಿನಾಲ್ಕು ತೀರ್ಥಂಕರರನ್ನು ಆರಾಧಿಸಿ, ಭಾದ್ರಪದ ಶುಕ್ಲ ಚತುರ್ದಶಿಯಂದು ಆಚರಿಸುವ ಈ ನೋಂಪಿಯನ್ನು 14 ವರ್ಷ ನಡೆಸಿ ಉದ್ಯಾಪನೆ ಮಾಡುವುದು ಪದ್ಧತಿ. ಸೂತಕ ಕಳೆಯಿತು, ಕೆಲವು ತಿಂಗಳುಗಳ ಮೇಲೆ ಭಾದ್ರಪದವೂ ಸಮೀಪಿಸಿತು. ಆಗ ಮಗನು, "ಉಳಿದ ಐದು ವರ್ಷಗಳನ್ನು ಅವ್ವನ ಹೆಸರಿನಲ್ಲಿ ನಾವೇ ಪೂರೈಸೋಣ, ಇಲ್ಲವೇ ಈ ವರ್ಷವೇ ಉದ್ಯಾಪನೆ ಮಾಡಿ ಮುಗಿಸೋಣ. ಹಾಗೆಯೇ ಬಿಟ್ಟರೆ ಅವ್ವನಿಗೆ ವ್ರತಭಂಗದ ದೋಷ ತಟ್ಟೀತು" ಎಂದನು. ಹನ್ನೆರಡು ವರ್ಷದ ಮೊಮ್ಮಗಳು ಅದನ್ನು ಕೇಳಿಸಿಕೊಂಡು, "ಅಜ್ಜಿಯ ಉಪವಾಸವನ್ನು ನಾವು ಹೇಗೆ ಮಾಡುವುದು? ಹಸಿವು ಅಜ್ಜಿಯದೇ ಅಲ್ಲವೇ?" ಎಂದು ಕೇಳಿದಳು. ಉತ್ತರ ಯಾರಿಗೂ ಹೊಳೆಯಲಿಲ್ಲ.

ಆ ತಾಯಿಯ ಪತಿ ಮಾತ್ರ ಈ ಚರ್ಚೆಗೆ ಬರಲಿಲ್ಲ. ಅವರು ಅಂದಿನಿಂದ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ. ಸೊಸೆಯು "ಮಾವ, ಎರಡು ತುತ್ತಾದರೂ ಉಣ್ಣಿರಿ" ಎಂದು ತಟ್ಟೆ ಇಟ್ಟರೆ ಅರ್ಧಕ್ಕೇ ಎದ್ದುಬಿಡುವರು. ಕಾರಣ ಕೇಳಿದ ನೆಂಟರಿಗೆ ಒಮ್ಮೆ ಮಾತ್ರ ಹೀಗೆಂದರು: "ಐವತ್ತು ವರ್ಷ ಅವಳ ಉಪವಾಸದ ದಿನವೂ ಅವಳೇ ಬಡಿಸಿದ್ದನ್ನು ಉಂಡೆ. ನೀನು ಉಂಡೆಯಾ, ಇಂದು ನಿನಗೆ ನೋಂಪಿಯೇ ಎಂದು ಒಂದು ದಿನವೂ ಕೇಳಲಿಲ್ಲ."

ಇನ್ನು ಸಿದ್ಧಾಂತವನ್ನು ನೋಡೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಎಂಬ ಆರನ್ನು ಎಣಿಸಿದ್ದಾರೆ. ಇವುಗಳನ್ನು ತನ್ನಲ್ಲಿ ಉಂಟುಮಾಡಿಕೊಂಡರೂ ಅನ್ಯರಲ್ಲಿ ಉಂಟುಮಾಡಿದರೂ ಫಲವು ಒಂದೇ. ಎಂದರೆ ಶೋಕವು ಹಿಂದಿನ ಕರ್ಮದ ಫಲ ಮಾತ್ರವಲ್ಲ, ಮುಂದಿನ ದುಃಖದ ಬೀಜವೂ ಆಗಿದೆ. ಕೇಳುವವರ ಎದೆ ಕರಗುವಂತೆ ಗುಣಗಳನ್ನು ಎಣಿಸೆಣಿಸಿ ಗೋಳಿಡುವುದೇ ಪರಿದೇವನ. ಅದು ತಾನು ಅಳುವುದಲ್ಲದೆ ಅನ್ಯರನ್ನೂ ಅಳಿಸುವುದರಿಂದ ಎರಡು ಕಡೆಯೂ ಬಂಧಕ್ಕೆ ಕಾರಣವಾಗುತ್ತದೆ.

ಈ ಮಾತನ್ನು ಕೇಳಿದ ಕೂಡಲೇ ಒಂದು ಆಕ್ಷೇಪ ಹುಟ್ಟುತ್ತದೆ. ಹಾಗಾದರೆ ಅಳದವನೇ ಧರ್ಮಾತ್ಮನೇ? ಐವತ್ತು ವರ್ಷ ಜೊತೆಗಿದ್ದವಳನ್ನು ಮರೆತುಬಿಡುವುದೇ ಸಮ್ಯಕ್ತ್ವವೇ? ಕಲ್ಲೆದೆಯನ್ನು ವೈರಾಗ್ಯವೆಂದು ಕರೆಯಬಹುದೇ?

ಇಲ್ಲ. ಏಕೆಂದರೆ ನೆನಪು ಬೇರೆ, ಶೋಕ ಬೇರೆ. ಇವೆರಡೂ ಒಂದೇ ಗಳಿಗೆಯಲ್ಲಿ ಒಟ್ಟಿಗೆ ತೋರುವುದರಿಂದ ಒಂದೇ ಎಂದು ನಾವು ಭ್ರಮಿಸುತ್ತೇವೆ. ಕರ್ಮಸಿದ್ಧಾಂತವು ಇವುಗಳ ಮೂಲವನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ. ಶೋಕವು ಹಾಸ್ಯ, ರತಿ, ಅರತಿ ಮುಂತಾದ ಒಂಬತ್ತು ನೋಕಷಾಯಗಳಲ್ಲಿ ಒಂದು. ಅದು ಚಾರಿತ್ರಮೋಹನೀಯದ ಉದಯದಿಂದ ಬರುವಂಥದು. ಸ್ಮೃತಿಯಾದರೋ ಮತಿಜ್ಞಾನದ ಒಂದು ರೂಪ. ಅದು ಜ್ಞಾನಾವರಣದ ಕ್ಷಯೋಪಶಮದಿಂದ ಬರುವಂಥದು. ಒಂದು ಆತ್ಮನಿಗೆ ಕವಿದ ಮಬ್ಬು, ಇನ್ನೊಂದು ಆತ್ಮನ ಸ್ವಂತ ಬೆಳಕಿನ ಒಂದು ಕಿರಣ. ಮಬ್ಬನ್ನು ಕಳೆಯಬೇಕೆಂದು ಹೊರಟವನು ದೀಪವನ್ನೂ ಆರಿಸಬೇಕಾದುದಿಲ್ಲ.

ಮತ್ತೊಂದು ವಿಶೇಷವನ್ನೂ ಗಮನಿಸಬೇಕು. ಅನ್ಯ ದರ್ಶನಕಾರರಲ್ಲಿ ಹಲವರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪಲಿಲ್ಲ. ಅದು ಹಿಂದೆ ಅರಿತುದನ್ನೇ ಮತ್ತೆ ಅರಿಯುವುದು ಎಂದು ಬಿಟ್ಟರು. ಅಕಲಂಕದೇವರ ಪರಂಪರೆಯ ನಮ್ಮ ನ್ಯಾಯಶಾಸ್ತ್ರವು ಸ್ಮೃತಿಯನ್ನು ಪರೋಕ್ಷಪ್ರಮಾಣಗಳಲ್ಲಿ ಒಂದೆಂದು ಸ್ಥಾಪಿಸಿತು. ಮಾಣಿಕ್ಯನಂದಿಗಳ ಪರೀಕ್ಷಾಮುಖದಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂದು ಪರೋಕ್ಷವು ಐದು ಬಗೆಯಾಗಿದೆ. ಇದು ಕೇವಲ ಪಂಡಿತರ ವಾದದ ವಿಷಯವಲ್ಲ. ನೆನಪು ಪ್ರಮಾಣವಾಗಬೇಕಾದರೆ ಅದು ಯಥಾರ್ಥವಾಗಿರಬೇಕು. ಇದ್ದುದನ್ನು ಇದ್ದಂತೆ ನೆನೆದರೆ ಸ್ಮೃತಿ. ಇಲ್ಲದುದನ್ನು ಸೇರಿಸಿ ನೆನೆದರೆ ಸ್ಮೃತ್ಯಾಭಾಸ. ಅಗಲಿದವರನ್ನು ದೇವತೆಯನ್ನಾಗಿ ಮಾಡಿ, ಅವರಲ್ಲಿ ಕೋಪವೇ ಇರಲಿಲ್ಲ, ಲೋಭವೇ ಇರಲಿಲ್ಲ ಎಂದು ಹೊಗಳುವುದು ಪ್ರೀತಿಯಂತೆ ಕಂಡರೂ ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ. ಅದು ಅಗಲಿದವರಿಗೆ ಮಾಡುವ ಗೌರವವೂ ಅಲ್ಲ. ಏಕೆಂದರೆ ಆಗ ನಾವು ನೆನೆಯುವುದು ಅವರನ್ನಲ್ಲ, ನಮ್ಮ ಕಲ್ಪನೆಯನ್ನು.

ಆ ಮನೆಯ ತಾಯಿಗೆ ಕೋಪವಿತ್ತು. ಅಡಿಗೆಮನೆಯ ಶುದ್ಧಿಯ ವಿಷಯದಲ್ಲಿ ಸೊಸೆಯನ್ನು ಅವರು ಕಟುವಾಗಿ ಗದರಿದ್ದುಂಟು. ದಶಲಕ್ಷಣಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಹಿರಿಯರೆಂಬ ಬಿಗುಮಾನವನ್ನು ಬಿಟ್ಟು ಮೊದಲು ಆ ಸೊಸೆಯ ಬಳಿಗೇ ಹೋಗಿ ಕ್ಷಮೆ ಕೇಳಿದ್ದೂ ಉಂಟು. ಕೋಪವನ್ನು ಮರೆಮಾಡಿದರೆ ಈ ಕ್ಷಮೆಯ ಬೆಲೆ ಯಾರಿಗೆ ತಿಳಿದೀತು? ಸೊಸೆಯು ಅತ್ತೆಯನ್ನು ನೆನೆದು ಹೇಳುವುದು ಇದನ್ನೇ: "ಅತ್ತೆ ಬೈದದ್ದೂ ನಿಜ, ಕೈಮುಗಿದದ್ದೂ ನಿಜ." ಇದು ಪ್ರಮಾಣವಾದ ನೆನಪು. ಇದರಲ್ಲಿ ದ್ವೇಷವಿಲ್ಲ, ಮೋಹವೂ ಇಲ್ಲ.

ಇನ್ನು ಪತಿಯ ವಿಷಯ. ಅವರು ಊಟ ಬಿಟ್ಟುದನ್ನು ಕಂಡು ಕೆಲವರು, "ಹೆಂಡತಿಯ ಹಿಂದೆ ಇವರೂ ತಪಸ್ಸಿಗೆ ನಿಂತರು" ಎಂದು ಕೊಂಡಾಡಿದರು. ಇದನ್ನು ವಿವೇಚಿಸಬೇಕು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮೇಲೆ ಹೇಳಿದ ಸೂತ್ರವನ್ನು ವ್ಯಾಖ್ಯಾನಿಸುವಾಗ ಇದೇ ಶಂಕೆಯನ್ನು ಎತ್ತಿಕೊಂಡಿದ್ದಾರೆ. ದುಃಖವು ಅಸಾತಾಕರ್ಮಕ್ಕೆ ಕಾರಣವಾದರೆ ಉಪವಾಸ, ಕೇಶಲೋಚ ಮೊದಲಾದವುಗಳೂ ದೇಹಕ್ಕೆ ದುಃಖವನ್ನೇ ಕೊಡುತ್ತವಲ್ಲ, ಅವುಗಳಿಂದಲೂ ಪಾಪ ಬರಬೇಡವೇ ಎಂಬುದು ಶಂಕೆ. ಅದಕ್ಕೆ ಸಮಾಧಾನವಾಗಿ ಅವರು ವೈದ್ಯನ ದೃಷ್ಟಾಂತವನ್ನು ಕೊಡುತ್ತಾರೆ. ಸಂಯಮಿಯೊಬ್ಬರ ಮೈಮೇಲಿನ ಹುಣ್ಣನ್ನು ಕರುಣೆಯುಳ್ಳ ವೈದ್ಯನು ಶಸ್ತ್ರದಿಂದ ಕೊಯ್ಯುವಾಗ ನೋವಾಗುತ್ತದೆ. ಆದರೂ ಅವನಿಗೆ ಪಾಪವಿಲ್ಲ, ಏಕೆಂದರೆ ಅವನಲ್ಲಿ ಕ್ರೋಧಾದಿ ಪರಿಣಾಮವಿಲ್ಲ. ಹಾಗೆಯೇ ಸಂಸಾರದುಃಖವನ್ನು ನೀಗಲು ವಿಧಿಪೂರ್ವಕವಾಗಿ ನಡೆಯುವವನ ಉಪವಾಸವು ಬಂಧಕ್ಕೆ ಕಾರಣವಲ್ಲ. ನೋವಿನಿಂದ ಪಾಪವಲ್ಲ, ನೋವಿನೊಳಗಿನ ಪರಿಣಾಮದಿಂದ ಪಾಪ ಎಂಬುದು ತಾತ್ಪರ್ಯ.

ಈ ದೃಷ್ಟಾಂತವನ್ನು ತಿರುಗಿಸಿ ನೋಡಿದರೆ ಮುಖ್ಯವಾದ ಒಂದು ಸಂಗತಿ ತಿಳಿಯುತ್ತದೆ. ಊಟ ಬಿಟ್ಟುದೆಲ್ಲ ಉಪವಾಸವಲ್ಲ. ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆ ಸರಿದು ಆತ್ಮನ ಸಮೀಪ ನೆಲಸಿದಾಗ ಅದು ಉಪವಾಸ. ಶೋಕದಿಂದ ಅನ್ನ ಸೇರದಿದ್ದಾಗ ಮನಸ್ಸು ನೆಲಸಿರುವುದು ಆತ್ಮನಲ್ಲಿ ಅಲ್ಲ, ಕಳೆದುಹೋದ ವಸ್ತುವಿನಲ್ಲಿ. ಆ ತಾಯಿಯ ಉಪವಾಸಕ್ಕೂ ಈ ಪತಿಯ ಹಸಿವಿಗೂ ಹೊರಗೆ ಭೇದ ಕಾಣದು. ಇಬ್ಬರ ಮುಂದೆಯೂ ಖಾಲಿ ತಟ್ಟೆ. ಆದರೆ ಒಂದು ನಿರ್ಜರೆಯ ಹಾದಿ, ಮತ್ತೊಂದು ಬಂಧದ ಹಾದಿ. ಇದನ್ನು ಅವರಿಗೆ ಹೇಳದೆ "ತಪಸ್ಸು" ಎಂದು ಹೊಗಳುವುದು ಕರುಣೆಯಲ್ಲ.

ಆದರೆ ಹೇಳುವ ರೀತಿ ಹೇಗಿರಬೇಕು? ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಇದಕ್ಕೆ ಉತ್ತರವಿದೆ. ಲಕ್ಷ್ಮಣನು ಕಾಲವಾದಾಗ ರಾಮಚಂದ್ರನು ಅದನ್ನು ನಂಬದೆ ಆ ದೇಹವನ್ನು ಆರು ತಿಂಗಳು ಹೊತ್ತು ತಿರುಗಿದನು; ಅದಕ್ಕೆ ಸ್ನಾನ ಮಾಡಿಸಿದನು, ಉಣ್ಣಿಸಲು ಯತ್ನಿಸಿದನು. ಅವನು ಸಾಮಾನ್ಯನಲ್ಲ, ಬಲಭದ್ರ, ಅದೇ ಭವದಲ್ಲಿ ಮೋಕ್ಷಕ್ಕೆ ಹೋಗಬೇಕಾದ ಜೀವ. ಅಂಥವನನ್ನೂ ಮೋಹವು ಹಾಗೆ ಹಿಡಿದಿತ್ತೆಂದ ಮೇಲೆ ಸಾಮಾನ್ಯ ಶ್ರಾವಕನು ಅತ್ತರೆ ಜರೆಯುವ ಅಧಿಕಾರ ಯಾರಿಗಿದೆ? ಅವನನ್ನು ಎಚ್ಚರಿಸಲು ಬಂದವರು ಹಿಂದಿನ ಭವದಲ್ಲಿ ಅವನಿಗೆ ಬೇಕಾದವರಾಗಿದ್ದ ದೇವರುಗಳು. ಅವರು ಉಪದೇಶವನ್ನು ಮಾಡಲಿಲ್ಲ. ಅವನ ಕಣ್ಣೆದುರಿಗೆ ಒಣಗಿದ ಮರಕ್ಕೆ ನೀರೆರೆದರು, ನೀರನ್ನು ಕಡೆದರು, ಮರಳನ್ನು ಹಿಂಡಿದರು. "ಇದರಿಂದೇನು ಫಲ?" ಎಂದು ಅವನೇ ಕೇಳುವಂತೆ ಮಾಡಿ, ಅವನ ಮಾತಿನಿಂದಲೇ ಅವನನ್ನು ಎಚ್ಚರಿಸಿದರು. ಶೋಕದಲ್ಲಿರುವವರಿಗೆ ಬೋಧಿಸಹೊರಟವರು ಈ ಪ್ರಸಂಗವನ್ನು ಮೊದಲು ನೆನೆಯಬೇಕು.

ಪತಿಯ ನೋವಿನಲ್ಲಿ ಶೋಕದೊಂದಿಗೆ ಪಶ್ಚಾತ್ತಾಪವೂ ಬೆರೆತಿತ್ತು. ಅದಕ್ಕೆ ಔಷಧವೂ ಬೇರೆ. ಕೇಳದೆ ಹೋದ ಮಾತನ್ನು ಇನ್ನು ಕೇಳಲಾಗದು. ಕ್ಷಮೆಯನ್ನು ಬೇಡೋಣವೆಂದರೆ ಕೊಡುವವರು ಇಲ್ಲ. ಲೋಕದ ದೃಷ್ಟಿಯಲ್ಲಿ ಇದು ತೀರದ ಸಾಲ. ಆದರೆ ಪ್ರತಿಕ್ರಮಣದಲ್ಲಿ ಶ್ರಾವಕನು ಕ್ಷಮೆ ಬೇಡುವುದು ಎದುರಿಗಿರುವ ನಾಲ್ಕು ಜನರನ್ನಲ್ಲ, ಸಮಸ್ತ ಜೀವರಾಶಿಯನ್ನು. ಆ ಜೀವವು ಇಂದು ಯಾವ ಗತಿಯಲ್ಲಿದ್ದರೂ, ಯಾವ ಹೆಸರನ್ನು ಹೊತ್ತಿದ್ದರೂ, ಆ ರಾಶಿಯ ಹೊರಗೆ ಹೋಗಿಲ್ಲ. ಆದುದರಿಂದ ಎಲ್ಲ ಜೀವಗಳಲ್ಲಿ ಕ್ಷಮೆ ಬೇಡಿದವನು ಅವಳಲ್ಲಿಯೂ ಬೇಡಿದಂತೆಯೇ ಆಯಿತು. ಇನ್ನು ಮುಂದೆ ಹಾಗೆ ಮಾಡೆನೆಂಬ ಪ್ರತ್ಯಾಖ್ಯಾನವು ಅದರೊಂದಿಗೆ ಸೇರಬೇಕು. ಇಲ್ಲವಾದರೆ ಅದು ಕಣ್ಣೀರು ಮಾತ್ರ.

ಈಗ ಎರಡನೆಯ ಪ್ರಶ್ನೆ: ಅವರಿಗಾಗಿ ನಾವು ಏನು ಮಾಡಬಲ್ಲೆವು? ಜೀವವು ಒಂದು ದೇಹವನ್ನು ಬಿಟ್ಟು ಇನ್ನೊಂದರ ಕಡೆಗೆ ಸಾಗುವ ವಿಗ್ರಹಗತಿಯಲ್ಲಿ ಕಳೆಯುವ ಕಾಲವು ಕೆಲವೇ ಸಮಯಗಳು. ಆಹಾರವಿಲ್ಲದೆ ಇರುವುದು ಹೆಚ್ಚೆಂದರೆ ಮೂರು ಸಮಯಗಳು. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮವಾದ ಅಂಶ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದಿರುತ್ತವೆ. ಹೀಗಿರುವಾಗ ಹನ್ನೆರಡು ದಿನ, ಹದಿಮೂರು ದಿನ ಆ ಜೀವವು ಬಾಗಿಲಲ್ಲಿ ನಿಂತು ಅನ್ನಕ್ಕಾಗಿ ಕಾಯುತ್ತದೆಂಬ ಭಾವನೆಗೆ ನಮ್ಮಲ್ಲಿ ಎಡೆಯಿಲ್ಲ. ದಾನವನ್ನು ಕುರಿತು ಸೂತ್ರಕಾರರು, ತನ್ನ ಮತ್ತು ಪರರ ಉಪಕಾರಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನ ಎಂದಿದ್ದಾರೆ. ಅಲ್ಲಿ ಇಬ್ಬರಿಗೆ ಮಾತ್ರ ಸ್ಥಾನ: ಕೊಡುವವನು ಮತ್ತು ಕೊಳ್ಳುವವನು. ಅಗಲಿದ ಮೂರನೆಯವರಿಗೆ ಪುಣ್ಯವನ್ನು ಕಳುಹಿಸುವ ದಾರಿಯನ್ನು ಹೇಳಿಲ್ಲ.

ಆದುದರಿಂದ ಮೊಮ್ಮಗಳ ಪ್ರಶ್ನೆಯೇ ಸಿದ್ಧಾಂತದ ಪ್ರಶ್ನೆ. ಹಸಿವು ಅಜ್ಜಿಯದು, ಪರಿಣಾಮ ಅಜ್ಜಿಯದು, ಫಲವೂ ಅಜ್ಜಿಯದು. ಹತ್ತನೆಯ ವರ್ಷದ ಉಪವಾಸವನ್ನು ಬೇರೆಯವರು ಮಾಡಿ ಅವರ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. ಹಾಗೆಯೇ ಅವರು ಮಾಡಿದ ಒಂಬತ್ತು ವರ್ಷಗಳನ್ನು ಅವರಿಂದ ಕಿತ್ತುಕೊಳ್ಳಲು ಮೃತ್ಯುವಿಗೂ ಬರುವುದಿಲ್ಲ. ಮಗನು ಅಂಜಿದ ವ್ರತಭಂಗದ ದೋಷವೂ ಇಲ್ಲಿ ಇಲ್ಲ. ವ್ರತವು ಭಂಗವಾಗುವುದು ಪ್ರಮಾದದಿಂದ, ಕಷಾಯದಿಂದ. ಆಯುಷ್ಯವು ತೀರಿತು ಎಂಬುದು ಪ್ರಮಾದವಲ್ಲ. ನಡೆಯುತ್ತಿರುವಾಗಲೇ ದಾರಿ ಮುಗಿದವನನ್ನು ಹಾದಿ ತಪ್ಪಿದವನೆಂದು ಕರೆಯಲಾದೀತೇ?

ಹಾಗಾದರೆ ನೆನಪಿನಿಂದ ಆಗುವ ಕೆಲಸವೇನೂ ಇಲ್ಲವೇ? ಇದೆ, ಅದು ನೆನೆಯುವವರಲ್ಲಿ ಆಗಬೇಕಾದ ಕೆಲಸ. ಕನ್ನಡನಾಡಿನ ಇತಿಹಾಸದಲ್ಲಿಯೇ ಇದಕ್ಕೆ ಉದಾಹರಣೆಗಳುಂಟು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಸುಮಾರು 1118ರಲ್ಲಿ ತಾಯಿ ಪೋಚವ್ವೆಗಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿಯನ್ನು ಕಟ್ಟಿಸಿದನು. ಕತ್ತಲೆ ಬಸದಿ ಎಂದು ಅದನ್ನು ಇಂದು ಕರೆಯುತ್ತೇವೆ. ಅಲ್ಲಿ ಪ್ರತಿಷ್ಠಿತವಾದದ್ದು ತಾಯಿಯ ಪ್ರತಿಮೆಯಲ್ಲ, ಆದಿನಾಥಸ್ವಾಮಿಯ ಬಿಂಬ. ಅದೇ ಬೆಟ್ಟದ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದವಳು ಅವನ ಪತ್ನಿ ಲಕ್ಷ್ಮಿ. ಅವಳು ಸಮಾಧಿಮರಣವನ್ನು ಪಡೆದಾಗ ಗಂಗರಾಜನು ಅವಳ ನೆನಪಿಗೆ ಶಾಸನವನ್ನು ನಿಲ್ಲಿಸಿದನು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನದಲ್ಲಿ ಅವಳು ಹೇಗೆ ನಡೆದಳೆಂಬುದೇ ಅಂತಹ ಶಾಸನದ ಹುರುಳು. ತಾಯಿಯನ್ನೂ ಹೆಂಡತಿಯನ್ನೂ ಕಳೆದುಕೊಂಡ ಒಬ್ಬ ಸೇನಾಪತಿಯ ನೋವು ಅಲ್ಲಿ ಇಲ್ಲವೆಂದಲ್ಲ. ಆ ನೋವು ಗೋಳಾಗದೆ ಜಿನಭಕ್ತಿಯಾಗಿ, ಗುಣಸ್ಮರಣೆಯಾಗಿ ಮಾರ್ಪಟ್ಟಿದೆ.

ಇದಕ್ಕಿಂತಲೂ ಕಠಿಣವಾದ ಪರೀಕ್ಷೆ ಅತ್ತಿಮಬ್ಬೆಯದು. ಪತಿ ನಾಗದೇವನು ತೀರಿಕೊಂಡಾಗ ಅವನ ಇನ್ನೊಬ್ಬ ಪತ್ನಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಬೆಂಕಿಯಲ್ಲಿ ಬೀಳುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದು ಎಣಿಸಿದ್ದಾರೆ. ಅತ್ತಿಮಬ್ಬೆಯು ಬದುಕನ್ನೂ ವ್ರತವನ್ನೂ ಆರಿಸಿಕೊಂಡಳು. ಎಳೆಯ ಮಗನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ರನ್ನನಿಂದ ಅಜಿತಪುರಾಣವನ್ನು 993ರಲ್ಲಿ ಬರೆಯಿಸಿದಳು. ಲಕ್ಕುಂಡಿಯಲ್ಲಿ ಜಿನಾಲಯವನ್ನು ಎತ್ತಿಸಿದಳು. ಅಲ್ಲಿನ ಶಾಸನದ ಕಾಲ 1007. ಪತಿಯನ್ನು ಹೆಚ್ಚು ಪ್ರೀತಿಸಿದವಳು ಯಾರು ಎಂದು ಕೇಳುವುದು ವ್ಯರ್ಥ. ಆದರೆ ಪ್ರೀತಿಯು ಬೆಳಕಾಗಿ ಸಾವಿರ ವರ್ಷ ಉಳಿದದ್ದು ಯಾರಿಂದ ಎಂಬುದಕ್ಕೆ ಉತ್ತರ ಕಣ್ಣೆದುರಿಗೆ ನಿಂತಿದೆ.

ಆದರೆ ಬಸದಿಯನ್ನು ಕಟ್ಟಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಶಕ್ತಿಯುಳ್ಳವರಲ್ಲಿಯೂ ಕೆಲವೊಮ್ಮೆ ಅಮೃತಶಿಲೆಯ ಮೇಲಿನ ಹೆಸರೇ ದೊಡ್ಡದಾಗಿ, ದಾನವು ಮಾನಕಷಾಯದ ಆಹಾರವಾಗಿಬಿಡುತ್ತದೆ. ಸಾಮಾನ್ಯ ಗೃಹಸ್ಥನಿಗೆ ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಅಗಲಿದವರು ಏನನ್ನು ಹೊತ್ತಿದ್ದರು ಎಂಬುದನ್ನು ಯಥಾರ್ಥವಾಗಿ ನೆನೆದು, ಅದರಲ್ಲಿ ಒಂದು ಭಾಗವನ್ನು ತಾನು ಹೊರುವುದು.

ಒಂದು ಜೈನಮನೆಯ ಅಹಿಂಸೆಯು ಬಹುಮಟ್ಟಿಗೆ ನಿಂತಿರುವುದು ಗೃಹಿಣಿಯ ಕೈಗಳ ಮೇಲೆ. ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಜೋಪಾನವಾಗಿ ಅದೇ ನೀರಿನ ನೆಲೆಗೆ ಮರಳಿಸಬೇಕು. ಸೋಸಿದ ನೀರಿಗೂ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ ಮಿತಿಯುಂಟು. ಅದು ಮೀರಿದರೆ ಮತ್ತೆ ಸೋಸಬೇಕು. ಕಾಳುಗಳನ್ನು ಆರಿಸಬೇಕು, ಒಲೆಯನ್ನು ನೋಡಿ ಹೊತ್ತಿಸಬೇಕು, ಸೂರ್ಯಾಸ್ತಕ್ಕೆ ಮುಂಚೆ ಎಲ್ಲರ ಊಟವನ್ನೂ ಮುಗಿಸಬೇಕು. ಮನೆಯ ಯಜಮಾನನು ಬಸದಿಯಲ್ಲಿ ಜೀವದಯೆಯ ಪ್ರವಚನವನ್ನು ಕೇಳುತ್ತಿರುವಾಗ ಆ ದಯೆಯನ್ನು ನಡೆಸುತ್ತಿದ್ದವಳು ಮನೆಯಲ್ಲಿದ್ದಳು. ತಾನು ಅನೇಕ ವರ್ಷ ನಿರ್ದೋಷವಾದ ಆಹಾರವನ್ನು ಉಂಡೆನೆಂದು ಸಂತೋಷಪಡುವವನು, ಅದು ಯಾರ ಬೆಳಗಿನ ನಿದ್ರೆಯಿಂದ ಆಯಿತೆಂಬುದನ್ನೂ ನೆನೆಯಬೇಕು. ಜೀವಗಳು ಪರಸ್ಪರ ಉಪಕಾರ ಮಾಡುವವೆಂಬುದು ಸೂತ್ರಕಾರರ ಮಾತು. ಪಡೆದ ಉಪಕಾರವನ್ನು ಅರಿಯದವನಿಗೆ ಏಕತ್ವಭಾವನೆಯು ಬರಿಯ ಸ್ವಾರ್ಥವಾಗಿಬಿಡುವ ಅಪಾಯವಿದೆ. ತಾನು ಒಬ್ಬನೇ ಬಂದೆನು, ಒಬ್ಬನೇ ಹೋಗುವೆನು ಎಂದು ಭಾವಿಸುವುದು ಕರ್ಮಫಲವನ್ನು ಅನ್ಯರ ಮೇಲೆ ಹೊರಿಸದಿರಲು. ಪಡೆದ ಋಣವನ್ನು ಮರೆಯುವುದಕ್ಕಲ್ಲ.

ಅಸಾತಾಕರ್ಮಕ್ಕೆ ಶೋಕಾದಿಗಳನ್ನು ಕಾರಣವೆಂದು ಹೇಳಿದ ಸೂತ್ರಕಾರರು ಅದರ ಮರುಸೂತ್ರದಲ್ಲಿಯೇ ಸಾತಾಕರ್ಮದ ಕಾರಣಗಳನ್ನೂ ಹೇಳಿದ್ದಾರೆ: ಪ್ರಾಣಿಗಳಲ್ಲಿಯೂ ವ್ರತಿಗಳಲ್ಲಿಯೂ ಅನುಕಂಪೆ, ದಾನ, ಸಂಯಮ, ಕ್ಷಮೆ, ಶೌಚ. ಶೋಕದ ಪಕ್ಕದಲ್ಲಿಯೇ ಅದರ ಮದ್ದನ್ನು ಇಟ್ಟಂತಿದೆ. ವ್ರತಿಗಳಲ್ಲಿ ಅನುಕಂಪೆ ಎಂಬ ಮಾತನ್ನು ಆ ಪತಿಯು ಹಲವು ಸಲ ಕೇಳಿದ್ದರು. ಅದರ ಅರ್ಥವು ತಮ್ಮ ಅಡಿಗೆಮನೆಯವರೆಗೂ ಬರುತ್ತದೆಂದು ತಿಳಿದದ್ದು ಆ ವರ್ಷ.

ಭಾದ್ರಪದ ಬಂದಿತು. ಮಗನು ಉದ್ಯಾಪನೆಯ ಮಾತನ್ನು ಬಿಟ್ಟನು. ಅದಕ್ಕಾಗಿ ತೆಗೆದಿರಿಸಿದ್ದ ಹಣವು ಹೆಸರಿನ ಫಲಕವಿಲ್ಲದೆ ಔಷಧದಾನಕ್ಕೆ ಹೋಯಿತು. ಸೊಸೆಯು ಅನಂತನೋಂಪಿಯನ್ನು ಹಿಡಿದಳು. ಹತ್ತನೆಯ ವರ್ಷದ್ದಾಗಿ ಅಲ್ಲ, ತನ್ನ ಮೊದಲನೆಯ ವರ್ಷದ್ದಾಗಿ. ಚತುರ್ದಶಿಯ ದಿನ ಮುಂಜಾನೆ ಮಾವನವರು ನೀರು ಸೋಸುವ ಬಟ್ಟೆಯನ್ನು ಹಿಡಿದು ಬಾವಿಯ ಬಳಿ ನಿಂತಿದ್ದರು. ಬಟ್ಟೆಯನ್ನು ಹೇಗೆ ಮಡಿಸಬೇಕೆಂದು ಮೊಮ್ಮಗಳು ತೋರಿಸಿಕೊಟ್ಟಳು. ಅವಳಿಗೆ ಅದನ್ನು ಅಜ್ಜಿ ಕಲಿಸಿದ್ದರು. ಮರುದಿನ ಪಾರಣೆಯ ಹೊತ್ತಿಗೆ ಅವರು ಸೊಸೆಯನ್ನು ಕುಳ್ಳಿರಿಸಿ ತಾವೇ ಬಡಿಸಿದರು. "ನಿನ್ನೆ ಆಯಾಸವಾಯಿತೇನಮ್ಮ?" ಎಂದು ಕೇಳಿದರು. ಐವತ್ತು ವರ್ಷ ಕೇಳದಿದ್ದ ಮಾತು ಅದು. ಅನಂತರ ಅವರೂ ಕುಳಿತು, ಬಹಳ ದಿನಗಳ ಮೇಲೆ, ತಟ್ಟೆಯಲ್ಲಿ ಬಡಿಸಿದುದನ್ನು ಪೂರ್ತಿಯಾಗಿ ಉಂಡರು.